ನಾನು ಬರೆಯದ ಕೆಮ್ಮು

ಮೊದಲೇ ಹೇಳಿಬಿಡುತ್ತೇನೆ, ಆ ಕೆಮ್ಮನ್ನು ನಾನು ಬರೆದಿರಲಿಲ್ಲ. ಯಾರ ಮುಂದೆ ಬೇಕಾದರೂ ನಿಂತು ಹೇಳುತ್ತೇನೆ. ಸ್ಕ್ರಿಪ್ಟಿನಲ್ಲಿ ಇದ್ದದ್ದು ಇಷ್ಟೇ: "ಒಡವೆ ಕಳೆದುಹೋಯಿತೆಂದು ಹಿರಿಸೊಸೆ ಅಳುತ್ತಾಳೆ. ಅಜ್ಜಿ ಕುರ್ಚಿಯಲ್ಲಿ ಕೂತು ನೋಡುತ್ತಾಳೆ." ನೋಡುತ್ತಾಳೆ, ಅಷ್ಟೇ. ಕೆಮ್ಮುತ್ತಾಳೆ ಎಂದು ಬರೆಯಲು ನನಗೇನು ತಲೆ ಕೆಟ್ಟಿತ್ತೇ? ನಮ್ಮ ನಿಮ್ಮ ಮನೆಗಳಲ್ಲಿ ಜನ ಕೆಮ್ಮುತ್ತಾರೆ, ಒಂದು ಲೋಟ ನೀರು ಕುಡಿಯುತ್ತಾರೆ, ಮತ್ತೆ ತಮ್ಮ ಕೆಲಸ ನೋಡಿಕೊಳ್ಳುತ್ತಾರೆ. ಧಾರಾವಾಹಿಯಲ್ಲಿ ಹಾಗಲ್ಲ. ಅಲ್ಲಿ ಕೆಮ್ಮಿದವರು ಸಾಯುತ್ತಾರೆ.

ನಾನು ದಿನಾ ಸಂಜೆ ಬರುವ ಒಂದು ಧಾರಾವಾಹಿಗೆ ಕಥೆ ಮತ್ತು ಮಾತು ಬರೆಯುವವಳು. ಒಂದು ದೊಡ್ಡ ಮನೆ, ಅದರಲ್ಲೊಬ್ಬಳು ಅಜ್ಜಿ, ಇಬ್ಬರು ಸೊಸೆಯರು, ಮಾತಿಗೆ ಮುಂಚೆ ಮೂರು ಸಲ ಮುಖ ತಿರುಗಿಸುವ ಹತ್ತಾರು ಜನ. ಆ ಅಜ್ಜಿಯ ಪಾತ್ರ ಮಾಡುವವರು ನನ್ನ ಅತ್ತೆ. ಕಥೆಯ ಅತ್ತೆಯಲ್ಲ, ಸ್ವಂತ ಅತ್ತೆ, ನನ್ನ ಗಂಡನ ಹೆತ್ತ ತಾಯಿ. ನನ್ನನ್ನು ಈ ಕೆಲಸಕ್ಕೆ ಸೇರಿಸಿದ್ದೂ ಅವರೇ. "ನಮ್ಮ ಸೊಸೆ ಬಾಯಿ ತೆಗೆದ್ರೆ ಮುಚ್ಚೋದಿಲ್ಲ. ಅದನ್ನೇ ಕಾಗದದ ಮೇಲೆ ಇಳಿಸ್ಕೊಳ್ಳಿ, ನಿಮಗೂ ಲಾಭ, ನನಗೂ ಮನೇಲಿ ನೆಮ್ಮದಿ" ಎಂದು ನಿರ್ದೇಶಕರಿಗೆ ನನ್ನೆದುರಿಗೇ ಶಿಫಾರಸು ಮಾಡಿದ್ದರು.

ಅತ್ತೆ ಚಿಕ್ಕ ವಯಸ್ಸಿನಿಂದ ಬಣ್ಣ ಹಚ್ಚಿದವರು. ಮಾವ ಹೋದ ಮೇಲೂ ಯಾರ ಮುಂದೆಯೂ ಕೈಯೊಡ್ಡದೆ ಮಗನನ್ನೂ ಮಗಳನ್ನೂ ಬೆಳೆಸಿದ್ದು ಆ ಬಣ್ಣದಿಂದಲೇ. ಆಮೇಲೆ ಮಗ ದುಡಿಯತೊಡಗಿದರೂ ಬಿಡಲಿಲ್ಲ. "ನನ್ನನ್ನ ಮನೇಲಿ ಕೂರಿಸಿದ್ರೆ ತುಕ್ಕು ಹಿಡಿದು ಹೋಗ್ತೀನಿ ಕಣೇ" ಎನ್ನುತ್ತಾರೆ. ಆ ವಯಸ್ಸಿನ ನಟಿ ಒಂದು ಧಾರಾವಾಹಿಯಿಂದ ಹೊರಬಿದ್ದರೆ ಇನ್ನೊಂದು ಸಿಗುವುದಿಲ್ಲ. ಇದು ಅವರಿಗೆ ಗೊತ್ತು, ನನಗೂ ಗೊತ್ತು. ಈ ಅಜ್ಜಿ ಸತ್ತರೆ ಅತ್ತೆಯ ಬಣ್ಣದ ಪೆಟ್ಟಿಗೆಗೆ ಬೀಗವೇ.

ಅವರಿಗೆ ಹೊಟ್ಟೆಯೊಳಗೆ ಒಂದೇ ಒಂದು ಸಂಕಟವಿತ್ತು. ಅವರು ಎಷ್ಟೋ ಧಾರಾವಾಹಿಗಳಲ್ಲಿ ಸತ್ತಿದ್ದರು, ಆದರೆ ಒಂದು ಸಲವೂ ಕ್ಯಾಮೆರಾ ಮುಂದೆ ಸತ್ತಿರಲಿಲ್ಲ. ಮುದುಕಿಯರ ಸಾವಿಗೆ ಯಾರು ಒಂದು ದಿನದ ಶೂಟಿಂಗ್ ಖರ್ಚು ಮಾಡುತ್ತಾರೆ? ಫೋನ್ ಹೊಡೆದುಕೊಳ್ಳುತ್ತದೆ, ಎತ್ತಿದವರ ಕೈಯಿಂದ ತಟ್ಟೆ ಬೀಳುತ್ತದೆ, ಮಾರನೆ ದಿನ ಗೋಡೆಯ ಮೇಲೆ ಅಮ್ಮನ ನಗುವ ಫೋಟೋ ಇರುತ್ತದೆ. "ಇಷ್ಟು ವರ್ಷದಲ್ಲಿ ಒಂದ್ಸಲನಾದ್ರೂ ನೆಟ್ಟಗೆ ಸಾಯೋಕೆ ಬಿಟ್ಟಿದ್ದಾರಾ ಕೇಳು. ಎಲ್ಲಾ ಫೋನಲ್ಲೇ ಮುಗಿಸಿಬಿಡ್ತಾರೆ" ಎಂದು ತರಕಾರಿ ಹೆಚ್ಚುವಾಗೆಲ್ಲ ಗೊಣಗುತ್ತಿದ್ದರು.

ನಮ್ಮ ಸೆಟ್ಟಿನಲ್ಲಿ ಆ ಫೋಟೋಗೆ ಭಯಂಕರ ಬೆಲೆ. ಸ್ಟಿಲ್ ಫೋಟೋದವನು ಯಾರನ್ನಾದರೂ ಒಬ್ಬರನ್ನೇ ಕರೆದು, ನೀಲಿ ಪರದೆಯ ಮುಂದೆ ನಿಲ್ಲಿಸಿ, "ಸ್ವಲ್ಪ ನಗಿ" ಎಂದನೋ, ಅವರ ಕಥೆ ಮುಗಿಯಿತು. ಕೆಲಸ ಹೋಯಿತೆಂದು ಬಾಯಿಬಿಟ್ಟು ಹೇಳುವ ಧೈರ್ಯ ನಮ್ಮ ನಿರ್ದೇಶಕರಿಗೆ ಎಂದೂ ಇರಲಿಲ್ಲ. ಫೋಟೋದವನೇ ಅವರ ನೋಟಿಸು.

ಇನ್ನು ಆ ಕೆಮ್ಮು. ಸೆಟ್ಟಿನ ಗೋಡೆಯ ಹಿಂದೆ ಬಡಗಿ ಹೊಸ ಬಾಗಿಲಿಗೆಂದು ಪ್ಲೈವುಡ್ ಕೊಯ್ಯುತ್ತಿದ್ದ. ಧೂಳು ಹಾರಿಬಂದು ಅತ್ತೆಯ ಗಂಟಲಿಗೆ ಹೋಯಿತು. ಹಿರಿಸೊಸೆ "ನನ್ನ ತಾಯಿ ಕೊಟ್ಟ ಒಡವೆ" ಎಂದು ಗೊಳೋ ಎನ್ನುವ ಹೊತ್ತಿಗೆ ಸರಿಯಾಗಿ ಅತ್ತೆ ಕೆಮ್ಮಿದರು. ಅದನ್ನು ಕತ್ತರಿಸಿ ಎಸೆಯಬಹುದಿತ್ತು. ಆದರೆ ನಮ್ಮ ಎಡಿಟರ್ ಏನನ್ನೂ ಎಸೆಯುವವನಲ್ಲ. ಎಲ್ಲರೂ ಅವನನ್ನು ಜಿಪುಣ ಎಂದೇ ಕರೆಯುತ್ತಾರೆ. ಬೆಳಿಗ್ಗೆ ತೆಗೆದದ್ದು ಸಂಜೆ ಪ್ರಸಾರವಾಗಬೇಕು, ದಿನಾ ಸಮಯಕ್ಕೆ ಒಂದಿಷ್ಟು ಕಡಿಮೆ ಬೀಳುತ್ತದೆ. ಹಾಗಾಗಿ ಅವನು ಬಾಗಿಲು ತಾನಾಗಿ ಅಲುಗಾಡಿದ್ದನ್ನೂ ಇಟ್ಟುಕೊಳ್ಳುತ್ತಾನೆ, ನೊಣ ಕೂತದ್ದನ್ನೂ ಇಟ್ಟುಕೊಳ್ಳುತ್ತಾನೆ. ಕೆಮ್ಮನ್ನೂ ಇಟ್ಟುಕೊಂಡ. ಅದರ ಕೆಳಗೆ ವೀಣೆಯ ಒಂದು ಅಳುವ ತುಣುಕನ್ನು ಬೇರೆ ಸೇರಿಸಿದ, ಮಹಾನುಭಾವ.

ಮಾರನೆ ದಿನ ಚಾನೆಲ್ಲಿನ ಮೇಡಂ ಬಂದರು. "ಜನ ಒಂದೇ ಸಮ ಫೋನ್ ಮಾಡ್ತಿದಾರೆ. ಅಜ್ಜಿಗೆ ಏನಾಯ್ತು, ಯಾವ ಕಾಯಿಲೆ ಅಂತ. ಯಾರದ್ದು ಈ ಐಡಿಯಾ?"

ನಿರ್ದೇಶಕರು ಅದೇ ತಾನೇ ಎಲ್ಲೋ ಕಥೆ ಹೇಳುವ ಕಲೆಯ ಶಿಬಿರಕ್ಕೆ ಹೋಗಿ, ಕತ್ತಿಗೆ ಗುರುತಿನ ಚೀಟಿ ನೇತುಹಾಕಿಕೊಂಡು ಬಂದಿದ್ದರು. ಅದನ್ನಿನ್ನೂ ತೆಗೆದಿರಲಿಲ್ಲ. ಕುರ್ಚಿಗೆ ಒರಗಿ ಹೇಳಿದರು: "ನಂದೇ ಮೇಡಂ. ಇದಕ್ಕೆ ಮುನ್ಸೂಚನೆ ಅಂತಾರೆ. ಮುಂದೆ ಆಗೋದರ ನೆರಳನ್ನ ಮೊದಲೇ ಬೀಳಿಸೋದು. ನೋಡೋರಿಗೆ ಗೊತ್ತಾಗಬಾರದು, ಆದ್ರೆ ಗೊತ್ತಾಗಬೇಕು."

"ಅದು ಧೂಳು ಸಾರ್" ಎಂದೆ ನಾನು.

"ರೈಟರ್ ಮೇಡಂಗೆ ತಮಾಷೆ ಜಾಸ್ತಿ" ಎಂದು ಅವರು ಹಲ್ಲು ಕಿರಿದರು.

"ಹಾಗಾದ್ರೆ ಅಜ್ಜಿ ಯಾವಾಗ ಸಾಯೋದು?" ಚಾನೆಲ್ ಮೇಡಂ ಡೈರಿ ತೆಗೆದರು. "ಈ ತಿಂಗಳ ಕೊನೆಗೆ ಇಟ್ಕೊಳ್ಳೋಣ್ವಾ? 'ಈ ಮನೆಯಿಂದ ಒಬ್ಬರು ಹೊರಡುತ್ತಾರೆ' ಅಂತ ಜಾಹೀರಾತು ಇವತ್ತಿಂದಲೇ ಬಿಡ್ತೀನಿ."

ಹಲ್ಲು ಕೀಳಿಸಲು ದಿನ ಗೊತ್ತುಮಾಡಿದ ಹಾಗೆ ಗೊತ್ತುಮಾಡಿದರು. ನನಗೆ ಪಿತ್ತ ನೆತ್ತಿಗೇರಿತು. ಆದರೆ ಧೂಳೆಂದು ಒಪ್ಪಿಕೊಂಡರೆ ನಿರ್ದೇಶಕರ ಶಿಬಿರ ನೀರಿಗೆ ಬೀಳುತ್ತಿತ್ತು. ಅವರು ಒಪ್ಪಿಕೊಳ್ಳುವ ಜನವೇ ಅಲ್ಲ.

ಸುದ್ದಿ ಸೆಟ್ಟಿನಲ್ಲಿ ಹರಡಿತು, ನನ್ನ ಹೆಸರಿಗೇ ಅಂಟಿಕೊಂಡು ಹರಡಿತು. ಸೊಸೆ ಬರೆಯುವವಳು, ಅತ್ತೆ ಸಾಯುವವಳು, ಇನ್ನೇನು ಬೇಕು ಜನಕ್ಕೆ? ಮೇಕಪ್ಪಿನವಳು ನನ್ನ ಭುಜ ತಟ್ಟಿ, "ಅಂತೂ ಸೇಡು ತೀರಿಸ್ಕೊಂಡ್ರಿ ಬಿಡಿ. ಎಲ್ಲರಿಗೂ ಈ ಭಾಗ್ಯ ಇರಲ್ಲ" ಎಂದಳು. ನನ್ನ ನಾದಿನಿ ಫೋನ್ ಮಾಡಿ ಮಾತಾಡದೆ ಸುಮ್ಮನೆ ಉಸಿರುಬಿಟ್ಟು ಇಟ್ಟಳು. ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ನನ್ನ ಗಂಡ ಎರಡು ಕೈ ಎತ್ತಿ, "ನಿಮ್ಮಿಬ್ಬರ ಮಧ್ಯೆ ನಾನು ಬರಲ್ಲಪ್ಪ" ಎಂದರು. ಯಾವತ್ತು ಬಂದಿದ್ದರು ಪುಣ್ಯಾತ್ಮ!

ಅತ್ತೆ ಮಾತ್ರ ಊಟ ಮುಗಿಯಲೆಂದು ಕಾದರು. ತಟ್ಟೆ ತೊಳೆಯುವಾಗ ನನ್ನ ಪಕ್ಕ ಬಂದು ನಿಂತರು.

"ನಿಜ ಹೇಳು. ಕೆಮ್ಮಿಗೂ ನಿನಗೂ ಸಂಬಂಧ ಇದೆಯಾ?"

"ಅತ್ತೆ, ಕೆಮ್ಮಿದ್ದು ನೀವು!"

"ನಾನು ಕೆಮ್ಮಿದ್ದು ಹೌದು. ಅದಕ್ಕೆ ಅರ್ಥ ಹಚ್ಚಿದ್ದು ಯಾರು ಅಂತ ಕೇಳ್ತಿದೀನಿ."

"ನಿಮ್ಮನ್ನ ಸಾಯಿಸಬೇಕು ಅಂದ್ರೆ ನಾನು ಕೆಮ್ಮಿಸ್ತೀನಾ? ಅಷ್ಟು ಹಳಸಲು ಬುದ್ಧಿನಾ ನಂದು? ನಿಮಗೆ ಬೇರೆ ಒಳ್ಳೇ ಸಾವು ಬರೀತಿರಲಿಲ್ವಾ?"

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಪಕ್ಕನೆ ನಕ್ಕರು. "ಅದೂ ನಿಜವೇ" ಎಂದು ತಟ್ಟೆ ಒರೆಸಲು ಬಟ್ಟೆ ತೆಗೆದುಕೊಂಡರು. ನಕ್ಕರೂ ಒರೆಸಿದ ತಟ್ಟೆಯನ್ನೇ ಮತ್ತೆ ಮತ್ತೆ ಒರೆಸುತ್ತಿದ್ದದ್ದು ನನಗೆ ಕಂಡಿತು. ಈ ಅಜ್ಜಿಯನ್ನು ಉಳಿಸದಿದ್ದರೆ ನಾನು ಪೆನ್ನು ಹಿಡಿದು ಪ್ರಯೋಜನವೇನು ಎಂದು ಅಲ್ಲೇ ತೀರ್ಮಾನ ಮಾಡಿದೆ.

ಜಾಹೀರಾತು ಶುರುವಾದ ಮೇಲೆ ಸೆಟ್ಟಿನಲ್ಲಿ ಒಬ್ಬರೂ ಸರಿಯಾಗಿ ಉಸಿರಾಡಲಿಲ್ಲ. ಹೊರಡುವವರು ಅಜ್ಜಿಯೇ ಎಂದು ಎಲ್ಲರಿಗೂ ಗೊತ್ತಿತ್ತು, ಆದರೂ ಯಾರಿಗೂ ನಂಬಿಕೆಯಿಲ್ಲ. ನೆಗಡಿಯಾದವರು ಬಾತ್‌ರೂಮಿಗೆ ಹೋಗಿ, ನಲ್ಲಿ ಬಿಟ್ಟು, ಆ ಸದ್ದಿನಲ್ಲಿ ಸೀನಿ ಬಂದರು. ದೊಡ್ಡಪ್ಪನ ಪಾತ್ರದವರು ಎದೆಯ ಮೇಲೆ ಕೈಯಿಟ್ಟು ಆಣೆ ಮಾಡುವ ದೃಶ್ಯದಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟು ಆಣೆ ಮಾಡಿದರು. ಕಿರಿಮಗನ ಪಾತ್ರದವನು ಸ್ಕ್ರಿಪ್ಟ್ ಹಿಡಿದು ನನ್ನ ಹತ್ತಿರ ಓಡಿಬಂದ. "ಅಕ್ಕಾ, ಇದೇನಿದು, 'ನಾಳೆ ಬಂದು ಎಲ್ಲಾ ಹೇಳ್ತೀನಿ' ಅಂತ ಬರೆದಿದೀರಾ? ಹಾಗಂದೋನು ಯಾವನಾದ್ರೂ ನಾಳೆ ಬಂದಿದ್ದು ಉಂಟಾ? ಈಗಲೇ ಹೇಳಿಬಿಡ್ತೀನಿ, ಬದಲಾಯಿಸಿ." ಅವನ ದೆಸೆಯಿಂದ ಮೂರು ವಾರ ಎಳೆಯಬೇಕಿದ್ದ ಗುಟ್ಟು ಅವತ್ತೇ ಹೊರಬಿತ್ತು. ಕಥೆ ಹೇಗೆ ಓಡಿತು ನೋಡಿ ಆ ವಾರ, ಜನಕ್ಕೇ ಆಶ್ಚರ್ಯ.

ಸ್ಟಿಲ್ ಫೋಟೋದವನು ಅತ್ತೆಯನ್ನು ಕರೆದ. ನೀಲಿ ಪರದೆ, ಒಂದು ಸ್ಟೂಲು, "ಸ್ವಲ್ಪ ನಗಿ ಅಮ್ಮಾ." ಅತ್ತೆ ನಕ್ಕರು, ಕ್ಲಿಕ್ ಎನ್ನುವ ಹೊತ್ತಿಗೆ ಕಣ್ಣು ಮುಚ್ಚಿದರು. ಮತ್ತೆ ತೆಗೆದ, ಮತ್ತೆ ಮುಚ್ಚಿದರು. "ವಯಸ್ಸಾಯ್ತಪ್ಪ, ಬೆಳಕು ತಡೆಯಲ್ಲ" ಎಂದು ಮುದ್ದಾಗಿ ಕ್ಷಮೆ ಕೇಳಿದರು. ಅವನ ಕ್ಯಾಮೆರಾ ತುಂಬಾ ಕಣ್ಣು ಮುಚ್ಚಿ ನಗುವ ಮುದುಕಿಯೇ. ಫೋಟೋ ಇಲ್ಲದೆ ಸಾಯಿಸುವುದು ಹೇಗೆ ಎಂದು ಕಲಾವಿಭಾಗದವರು ತಲೆ ಕೆರೆದುಕೊಂಡರು. ಹಾಗೆ ಒಂದಿಷ್ಟು ದಿನ ದಕ್ಕಿತು.

ದಾರಿ ಸಿಕ್ಕಿದ್ದು ನಮ್ಮ ಅಡುಗೆಮನೆಯಲ್ಲಿ. ಬೆಳಿಗ್ಗೆ ನನ್ನ ಗಂಡ ಅಂಗಡಿಗೆ ಹೊರಟಿದ್ದರು. "ಈ ಷರ್ಟಿಗೆ ನಾನೇ ಇಸ್ತ್ರಿ ಮಾಡಿದ್ದು ಗೊತ್ತಾ?" ಎಂದರು ನನಗೆ.

ಒಲೆಯ ಹತ್ತಿರ ನಿಂತಿದ್ದ ಅತ್ತೆ "ಖ್ಹೂ, ಖ್ಹೂ" ಎಂದರು.

"ಅಮ್ಮಾ!"

"ಏನೋ? ಗಂಟಲು ಕೆರೀತು."

ಆ ಕೆಮ್ಮು ನಮ್ಮ ಮನೆಯಲ್ಲಿ ಹಳೆಯದು. ಮಗ ಚಿಕ್ಕವನಿದ್ದಾಗ ಶಾಲೆಯಿಂದ ಬಂದು ಸುಳ್ಳು ಹೇಳಿದರೆ ಅತ್ತೆ ಹೊಡೆಯುತ್ತಿರಲಿಲ್ಲ, ಬಯ್ಯುತ್ತಿರಲಿಲ್ಲ, ಕೆಮ್ಮುತ್ತಿದ್ದರಂತೆ. ನನ್ನ ಗಂಡ ಈಗಲೂ ಆ ಕೆಮ್ಮಿಗೆ ಹೆದರುತ್ತಾರೆ. ನಾನು ಸೌಟು ಹಿಡಿದು ಹಾಗೇ ನಿಂತುಬಿಟ್ಟೆ. ಅಯ್ಯೋ ನನ್ನ ಮಂಡೆಯೇ! ಇಷ್ಟು ದಿನ ಕಣ್ಣೆದುರಿಗೇ ಇತ್ತಲ್ಲ! ಹಿರಿಸೊಸೆ ಒಡವೆ ಕಳೆಯಿತೆಂದು ಅತ್ತಾಗ ತಾನೇ ಅಜ್ಜಿ ಕೆಮ್ಮಿದ್ದು? ಒಡವೆ ಕಳೆದೇ ಇರಲಿಲ್ಲ ಎಂದು ಮಾಡಿದರೆ?

ಮುನ್ಸೂಚನೆಯ ಗುಟ್ಟು ಇಷ್ಟೇ. ಶಿಬಿರದಲ್ಲಿ ಇದನ್ನು ಹೇಳಿಕೊಡುವುದಿಲ್ಲ, ಹೇಳಿದರೆ ಮುಂದಿನ ಸಲ ಯಾರೂ ಬರುವುದಿಲ್ಲ. ಮೊದಲು ಆಗಿದ್ದು ಮೊದಲೇ ಸುಳಿವಾಗಿರುವುದಿಲ್ಲ. ಆಮೇಲೆ ಆಗುವುದು ಹಿಂದಿರುಗಿ ಹೋಗಿ ಅದನ್ನು ಸುಳಿವು ಮಾಡುತ್ತದೆ. ಮದುವೆ ಮುರಿದ ಮೇಲೆ ತಾನೇ ಜನ "ಅವತ್ತು ದೀಪ ಆರಿತ್ತು, ನಾನು ಆಗಲೇ ಅಂದ್ಕೊಂಡೆ" ಎನ್ನುವುದು? ಮುರಿಯದಿದ್ದರೆ ಅದು ಬರೀ ಗಾಳಿ.

ಅವತ್ತಿನ ದೃಶ್ಯವನ್ನು ಸೆಟ್ಟಿಗೆ ಹೋಗುವ ದಾರಿಯಲ್ಲಿ ಬರೆದೆ. ಕಿರಿಸೊಸೆ ಕೇಳುತ್ತಾಳೆ: "ಅವತ್ತು ಅಕ್ಕ ಒಡವೆ ಕಳೀತು ಅಂತ ಅಳ್ತಿದ್ದಾಗ ನೀವ್ಯಾಕೆ ಕೆಮ್ಮಿದ್ರಿ?" ಅಜ್ಜಿ ಅತ್ತ ಇತ್ತ ನೋಡಿ ಹೇಳುತ್ತಾಳೆ: "ಸುಳ್ಳು ಕೇಳಿದ್ರೆ ನನ್ನ ಗಂಟಲು ಕೆರೆಯುತ್ತೆ ಮಗಳೇ. ಚಿಕ್ಕಂದಿನಿಂದ ಹಾಗೇ." ಹಳೆಯ ಕೆಮ್ಮು ಮತ್ತೊಮ್ಮೆ ತೋರಿಸಬೇಕು, ಅಷ್ಟೇ. ಜಿಪುಣ ಕುಣಿದಾಡಿದ. ಹಳೆಯ ತುಣುಕನ್ನೇ ಇನ್ನೊಂದು ಸಲ ಹಾಕಬಹುದೆಂದರೆ ಅವನಿಗೆ ಅದಕ್ಕಿಂತ ಸಂತೋಷ ಬೇರೆಯಿಲ್ಲ. ನಿರ್ದೇಶಕರು ಓದಿದ್ದು ಕ್ಯಾಮೆರಾ ಇಟ್ಟ ಮೇಲೆ. ಬೇರೆ ಬರೆಯಲು ಹೊತ್ತಿಲ್ಲ. ಬಾಯಿ ತೆರೆದರು, ಮುಚ್ಚಿದರು, "ಆಕ್ಷನ್" ಎಂದರು.

ಜನ ಹುಚ್ಚೆದ್ದು ಹೋದರು. ಕೆಮ್ಮು ಬೀದಿಗೆ ಬಂತು. ಶಾಲೆಯಲ್ಲಿ ಮಕ್ಕಳು ಮೇಷ್ಟ್ರಿಗೆ ಕೆಮ್ಮಿದರು. ಕಚೇರಿಯಲ್ಲಿ ಮ್ಯಾನೇಜರು "ಈ ವರ್ಷ ನಿಮ್ಮ ಶ್ರಮ ಮರೆಯಲ್ಲ" ಎಂದರೆ ಹಿಂದಿನ ಸಾಲು ಇಡೀ ಕೆಮ್ಮಿತು. ಗಂಟಲ ಡಾಕ್ಟರ ಹತ್ತಿರ ನಿಜವಾಗಿ ಕೆಮ್ಮುವವರು ಹೋದರೆ, "ನಾನಿನ್ನೂ ಏನೂ ಹೇಳೇ ಇಲ್ವಲ್ಲ" ಎಂದು ಅವರು ಮುಖ ಊದಿಸಿಕೊಂಡರಂತೆ.

ಚಾನೆಲ್ ಮೇಡಂ ಡೈರಿಯಲ್ಲಿ ಅಜ್ಜಿಯ ಸಾವನ್ನು ಹೊಡೆದುಹಾಕಿದರು. "ಅಜ್ಜಿ ಇರಲಿ. ಆದ್ರೆ ಒಬ್ಬರು ಹೊರಡ್ತಾರೆ ಅಂತ ಹೇಳಿಯಾಗಿದೆ. ಯಾರಾದ್ರೂ ಹೊರಡಲೇಬೇಕು, ನೋಡ್ಕೊಳ್ಳಿ" ಎಂದರು. ನಿರ್ದೇಶಕರು ತಲೆ ತೂಗಿದರು. ಕೆಮ್ಮು ಸಾವಿನ ಮುನ್ಸೂಚನೆ ಎಂದು ಹೇಳಿದ್ದೇ ಬೇಕೆಂದು ದಾರಿ ತಪ್ಪಿಸಲು, ಮೊದಲ ದಿನದಿಂದಲೂ ತಮ್ಮ ತಲೆಯಲ್ಲಿ ಇದೇ ಇತ್ತು ಎಂದರು. ತಾವೇ ಒಂದು ಶಿಬಿರವನ್ನೂ ಶುರುಮಾಡಿದರು: "ಒಂದು ಕೆಮ್ಮಿನಿಂದ ಕಥೆ ಕಟ್ಟುವುದು." ಕತ್ತಿನ ಚೀಟಿ ಈಗ ಬೇರೆಯವರಿಗೆ ಹಂಚತೊಡಗಿದರು.

ನಾನು ಸುಮ್ಮನಿದ್ದೆ. ಅತ್ತೆಯ ಕುರ್ಚಿ ಉಳಿಯಿತಲ್ಲ, ಹಾಳಾಗಿ ಹೋಗಲಿ ಎಂದುಕೊಂಡೆ. ಆದರೆ ರೇಡಿಯೋದವರು ನನ್ನನ್ನು ಮಾತಿಗೆ ಕರೆದರು. ಆ ಹುಡುಗಿ ಜೇನಿನಂತಹ ದನಿಯಲ್ಲಿ, "ಆ ಕೆಮ್ಮಿನ ಯೋಜನೆಯನ್ನ ನಿಮ್ಮ ನಿರ್ದೇಶಕರು ಎಷ್ಟು ತಿಂಗಳ ಹಿಂದೆ ನಿಮಗೆ ಹೇಳಿದ್ರು?" ಎಂದು ಕೇಳಿದಳು. ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ. "ಎಂಥ ಯೋಜನೆ ರೀ ಅದು? ಬಡಗಿ ಹಲಗೆ ಕೊಯ್ತಿದ್ದ, ಧೂಳು ಗಂಟಲಿಗೆ ಹೋಯ್ತು, ನಮ್ಮತ್ತೆ ಕೆಮ್ಮಿದ್ರು. ಹೊಗಳೋದಿದ್ರೆ ಬಡಗೀನ ಹೊಗಳಿ" ಎಂದುಬಿಟ್ಟೆ. ಊರೆಲ್ಲ ಕೇಳಿತು. ಶಿಬಿರದ ಮುಂದಿನ ಕಂತಿಗೆ ಬಂದವರು ಬಡಗಿ ಎಲ್ಲಿ ಎಂದು ಕೇಳಿದರಂತೆ.

ಮರುದಿನ ನಿರ್ದೇಶಕರು ಕೂಗಾಡುತ್ತಾರೆಂದು ಸಿದ್ಧಳಾಗಿ ಹೋದೆ. ಅವರೋ ಸಕ್ಕರೆ. ಎದ್ದು ಬಂದು ಕುರ್ಚಿ ಎಳೆದುಕೊಟ್ಟರು. "ಮೇಡಂ, ನೀವು ಎಷ್ಟು ನೇರ! ನೀವಿಲ್ದೆ ಈ ಸೀರಿಯಲ್ಲೇ ಇಲ್ಲ ಬಿಡಿ."

ಮೂಲೆಯಲ್ಲಿ ಮೇಕಪ್ ಮಾಡಿಸಿಕೊಳ್ಳುತ್ತಿದ್ದ ಅತ್ತೆ "ಖ್ಹೂ" ಎಂದರು.

"ಸ್ವಲ್ಪ ನೀರು ಕೊಡಿ ಅವರಿಗೆ" ಎಂದೆ.

ಆ ವಾರವೇ ನಿರ್ದೇಶಕರ ಭಾವಮೈದ ಬಂದ. ನಲವತ್ತರ ಗಂಡಸು, ಎರಡು ಅಂಗಡಿ ತೆಗೆದು ಎರಡನ್ನೂ ಮುಚ್ಚಿದವನು. ನನ್ನ ಮೇಜಿನ ಪಕ್ಕ ಕುರ್ಚಿ ಹಾಕಿಕೊಂಡ. "ಸುಮ್ನೆ ಕಲಿಯೋಣ ಅಂತ ಅಕ್ಕಾ. ನೀವು ಹೇಗೆ ಬರೀತೀರಿ ನೋಡ್ತಾ ಕೂತಿರ್ತೀನಿ."

"ಖ್ಹೂ, ಖ್ಹೂ."

"ಅತ್ತೆ, ನಿಮ್ಮ ದೃಶ್ಯ ಮಧ್ಯಾಹ್ನ. ಈಗಲೇ ಪ್ರಾಕ್ಟೀಸ್ ಬೇಡ" ಎಂದು ಅವರನ್ನು ಗದರಿದೆ. ಅವರು ನನ್ನ ಕಡೆ ದುರುಗುಟ್ಟಿಕೊಂಡು ನೋಡಿದರು. ಎಲ್ಲಾ ಅತ್ತೆಯರೂ ಹಾಗೆ ನೋಡುತ್ತಾರೆ ಎಂದುಕೊಂಡೆ.

ಆಮೇಲೆ ಸ್ಟಿಲ್ ಫೋಟೋದವನು ಬಂದ. "ಅಕ್ಕಾ, ಆಫೀಸಿನ ಗೋಡೆಗೆ ಬರಹಗಾರರ ಫೋಟೋ ಬೇಕಂತೆ. ನಿಮ್ಮ ಗೌರವಕ್ಕೆ." ನೀಲಿ ಪರದೆಯ ಮುಂದೆ ಒಂದು ಸ್ಟೂಲು. ನಾನು ತಲೆ ಬಾಚಿಕೊಂಡು, ಸೀರೆಯ ನೆರಿಗೆ ಸರಿಮಾಡಿಕೊಂಡು ಹೋಗಿ ಕೂತೆ. ಅತ್ತೆ ಬಾಗಿಲಲ್ಲಿ ನಿಂತು ಕೆಮ್ಮತೊಡಗಿದರು. ಕೆಮ್ಮಿದರು, ಕೆಮ್ಮಿದರು, ಕಣ್ಣಲ್ಲಿ ನೀರು ಬರುವ ಹಾಗೆ ಕೆಮ್ಮಿದರು. ನನಗೆ ನಾಚಿಕೆಯಾಯಿತು. ಒಂದು ಕೆಮ್ಮು ಹೆಸರು ಮಾಡಿತೆಂದು ಇವರಿಗೆ ತಲೆ ತಿರುಗಿದೆ ಎಂದುಕೊಂಡೆ.

"ಸ್ವಲ್ಪ ನಗಿ" ಎಂದ ಫೋಟೋದವನು. ನಕ್ಕೆ. ಕಣ್ಣು ಬೇರೆ ಅಗಲ ಬಿಟ್ಟು ನಕ್ಕೆ.

ನೀವು ನನಗಿಂತ ಜಾಣರು, ನಿಮಗಾಗಲೇ ಗೊತ್ತಾಗಿದೆ. ನನಗೆ ಗೊತ್ತಾಗಿದ್ದು ಸೋಮವಾರ. ನನ್ನ ಮೇಜಿನ ಹಿಂದೆ ಭಾವಮೈದ ಕೂತಿದ್ದ, ನನ್ನ ಲೋಟದಲ್ಲಿ ಟೀ ಕುಡಿಯುತ್ತಿದ್ದ. ಎದುರು ಗೋಡೆಯ ಮೇಲೆ ಚೌಕಟ್ಟು ಹಾಕಿದ ನನ್ನ ಫೋಟೋ. ಕೆಳಗೆ ಅಂದವಾದ ಅಕ್ಷರಗಳಲ್ಲಿ "ನಮ್ಮ ಹಿಂದಿನ ಬರಹಗಾರರು". ನಿರ್ದೇಶಕರು ಲೊಕೇಷನ್ ನೋಡಲು ಹೋಗಿದ್ದಾರೆ, ಯಾವಾಗ ಬರುತ್ತಾರೋ ಗೊತ್ತಿಲ್ಲ ಎಂದ ಭಾವಮೈದ. ಒಂದು ಮಾತು ಎದುರು ನಿಂತು ಹೇಳುವ ಯೋಗ್ಯತೆ ಇಲ್ಲದ ಮನುಷ್ಯ! ಬರುವ ಸುಳಿವನ್ನೆಲ್ಲ ಬರೆದು ಹೊಟ್ಟೆ ಹೊರೆಯುವವಳು ನಾನು. ಒಂದಲ್ಲ ಎರಡಲ್ಲ, ಸಾಲುಸಾಲು ಸುಳಿವು ನನ್ನ ಮೂಗಿನ ಕೆಳಗೇ ನಡೆದುಹೋಗಿತ್ತು. ಮನೆಯ ಮುದುಕಿ ಗಂಟಲು ಹರಿಯುವಂತೆ ಕೂಗಿ ಹೇಳುತ್ತಿದ್ದರೆ ನಾನು ನೀರು ಕೊಡಿ ಎಂದಿದ್ದೆ.

ಮನೆಗೆ ಬಂದು ಮುಸುಕೆಳೆದು ಮಲಗಿದೆ. ಅತ್ತೆ ಬಂದು ಕಾಲ ಬಳಿ ಕೂತರು.

"ಹೇಳಿದೆ ಕಣೇ ನಾನು."

"ಬಾಯಿಬಿಟ್ಟು ಹೇಳಬಾರದಿತ್ತಾ?"

"ಬಾಯಿಬಿಟ್ಟು ಹೇಳಿದ್ರೆ ನೀನು ಕೇಳ್ತೀಯಾ? ಯಾವತ್ತು ಕೇಳಿದೀಯ?" ನನ್ನ ಮುಸುಕು ಸರಿಮಾಡಿ, "ನಾಳೆ ನಂಗೆ ಶೂಟಿಂಗ್ ಇದೆ. ಹೋಗ್ತೀನಿ" ಎಂದರು.

ಹೋಗಬೇಡಿ ಎನ್ನಲು ಬಾಯಿ ಬರಲಿಲ್ಲ. ಆ ಕುರ್ಚಿ ಉಳಿಸಲೆಂದೇ ಅಲ್ಲವೇ ನಾನು ಇಷ್ಟೆಲ್ಲ ಒದ್ದಾಡಿದ್ದು? "ಹೋಗಿ ಅತ್ತೆ. ನಿಮ್ಮ ಕೆಲಸ ನಿಮ್ಮದು. ನನಗೇನೂ ಬೇಜಾರಿಲ್ಲ" ಎಂದೆ.

ಅವರು ಕೆಮ್ಮಿ ಎದ್ದು ಹೋದರು.

ಮರುದಿನ ಸಂಜೆ ನಾಲ್ಕರ ಹೊತ್ತಿಗೆ ಜಿಪುಣನ ಫೋನ್ ಬಂತು. ಅವನು ಫೋನಿಗೂ ಖರ್ಚು ಮಾಡುವವನಲ್ಲ, ಸಾಮಾನ್ಯವಾಗಿ ರಿಂಗ್ ಕೊಟ್ಟು ಇಟ್ಟುಬಿಡುತ್ತಾನೆ. "ಅಕ್ಕಾ, ಇವತ್ತು ತಪ್ಪದೆ ನೋಡಿ. ಒಂದು ತುಣುಕೂ ಎಸೆದಿಲ್ಲ" ಎಂದಷ್ಟೇ ಹೇಳಿದ.

ನಾನೂ ನನ್ನ ಗಂಡನೂ ಟಿವಿ ಮುಂದೆ ಕೂತೆವು. ಅತ್ತೆ ಇನ್ನೂ ಬಂದಿರಲಿಲ್ಲ. ದೃಶ್ಯ ಶುರುವಾಯಿತು. ಹಿರಿಸೊಸೆ ಎಲ್ಲರ ನಡುವೆ ನಿಂತು, "ನಾನು ಈ ಮನೇಲಿ ಯಾರಿಗೂ ಮೋಸ ಮಾಡಿಲ್ಲ" ಎಂದಳು. ಭಾವಮೈದನ ಮೊದಲ ಸಾಲು. ಅಜ್ಜಿ ಕೆಮ್ಮಿದಳು. ಅಲ್ಲಿಗೆ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಕುರ್ಚಿಯ ಕೈ ಹಿಡಿದು ನಿಧಾನವಾಗಿ ಎದ್ದಳು. ಬೇರೆಯವರ ಕಣ್ಣಲ್ಲಿ ನಿಜವಾದ ಗಾಬರಿ ಕಾಣುತ್ತಿತ್ತು, ಇದು ಅವರ ಕೈಯಲ್ಲಿದ್ದ ಕಾಗದದಲ್ಲಿ ಇರಲಿಲ್ಲ. ಅಜ್ಜಿ ಗೋಡೆಯ ಉದ್ದಕ್ಕೂ ನಡೆದಳು. ಕಥೆಯಲ್ಲಿ ಹಿಂದೆ ಸತ್ತವರ ಫೋಟೋಗಳು ಅಲ್ಲಿ ಸಾಲಾಗಿದ್ದವು. ಒಂದು ಸೊಟ್ಟಗಿತ್ತು, ಅದನ್ನು ನೇರ ಮಾಡಿದಳು. ಹಿರಿಸೊಸೆಯ ಕೆನ್ನೆ ಮುಟ್ಟಿ, "ಅಳಬೇಡ, ಬಿಡು" ಎಂದಳು. ಆ ಹುಡುಗಿ, ಹೇಳಿಸಿಕೊಳ್ಳದೆ, ಗ್ಲಿಸರಿನ್ ಇಲ್ಲದೆ, ಗಳಗಳ ಅತ್ತಳು.

ಮತ್ತೆ ಕುರ್ಚಿಗೆ ಬಂದು ಕೂತಳು ಅಜ್ಜಿ. ಕ್ಯಾಮೆರಾವನ್ನೇ ನೋಡಿದಳು.

"ಈ ಮನೆ ಮಾತೆಲ್ಲ ಒಬ್ಬಳು ಆಡಿಸ್ತಿದ್ಲು. ಅವಳನ್ನ ಹೊರಗೆ ಹಾಕಿದ್ರಿ. ಇನ್ನು ನನಗೆ ಆಡೋಕೆ ಮಾತಿಲ್ಲ."

ಅಷ್ಟು ಹೇಳಿ ತಲೆ ಹಿಂದಕ್ಕೆ ಒರಗಿಸಿದಳು. ಒಂದು ಕೈ ಕುರ್ಚಿಯಿಂದ ಕೆಳಗೆ ಜಾರಿತು. ಜಾರಿದ ಕೈಯ ಬೆರಳುಗಳು ಒಂದೊಂದಾಗಿ ಬಿಡಿಸಿಕೊಂಡವು. ಯಾರೂ ಕಟ್ ಎನ್ನಲಿಲ್ಲ. ಜಿಪುಣ ವೀಣೆ ಹಾಕಿರಲಿಲ್ಲ, ಏನೂ ಹಾಕಿರಲಿಲ್ಲ. ಗೋಡೆಯ ಹಿಂದೆ ಎಲ್ಲೋ ಬಡಗಿ ಹಲಗೆ ಕೊಯ್ಯುವ ಸದ್ದು ಮಾತ್ರ ಕೇಳುತ್ತಿತ್ತು, ಅದೂ ನಿಂತಿತು.

ನನ್ನ ಗಂಡ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

ಆಮೇಲೆ ಏನಾಯಿತೆಂದು ಜಿಪುಣ ಹೇಳಿದ. ಸತ್ತ ಮೇಲೆ ಅತ್ತೆ ಎದ್ದು, ಬಣ್ಣ ಒರೆಸಿ, ಬಣ್ಣದ ಪೆಟ್ಟಿಗೆಯನ್ನು ಮೇಕಪ್ಪಿನವಳ ಕೈಗೆ ಕೊಟ್ಟು ಹೊರಟರಂತೆ. ನಿರ್ದೇಶಕರು ಮತ್ತೆ ತೆಗೆಯೋಣವೆಂದು ಬಾಗಿಲವರೆಗೆ ಓಡಿದರಂತೆ. "ಸತ್ತವರನ್ನ ಯಾಕಪ್ಪ ಕರೀತೀಯ" ಎಂದರಂತೆ ಅತ್ತೆ. ಪ್ರಸಾರಕ್ಕೆ ಹೊತ್ತಾಗಿತ್ತು, ಭಾವಮೈದ ಬರೆದದ್ದು ಅರ್ಧಕ್ಕೂ ಸಾಲುತ್ತಿರಲಿಲ್ಲ. ಇದ್ದದ್ದನ್ನೇ ಕಳಿಸಿದರು. ಚಾನೆಲ್ ಮೇಡಂ ಕುಣಿದಾಡಿದರಂತೆ, ಒಬ್ಬರು ಹೊರಡುತ್ತಾರೆ ಎಂದ ಮಾತು ಉಳಿಯಿತಲ್ಲ. ನಿರ್ದೇಶಕರು ಅಷ್ಟರಲ್ಲಿ ಸುಧಾರಿಸಿಕೊಂಡು, "ಮೊದಲ ಕೆಮ್ಮಿನ ದಿನವೇ ಇದನ್ನ ಯೋಚಿಸಿದ್ದೆ ಮೇಡಂ" ಎಂದರಂತೆ. ಊರಿನ ಜನವೂ ಅದನ್ನೇ ಹೇಳಿದರು, ಆ ಕೆಮ್ಮು ಕೇಳಿದಾಗಲೇ ನಮಗೆ ಗೊತ್ತಿತ್ತು ಎಂದು. ಗೋಡೆಗೆ ಹಾಕಲು ಒಳ್ಳೆಯ ಫೋಟೋ ಇಲ್ಲದೆ, ಕಣ್ಣು ಮುಚ್ಚಿ ನಗುವುದನ್ನೇ ಹಾಕಿದ್ದಾರೆ.

ಅತ್ತೆ ಮನೆಗೆ ಬಂದದ್ದು ಕಂತು ಮುಗಿದ ಮೇಲೆ. ಕಿವಿಯ ಹಿಂದೆ ಒಂದಿಷ್ಟು ಬಣ್ಣ ಉಳಿದಿತ್ತು. ಚಪ್ಪಲಿ ಬಿಟ್ಟು, ನಮ್ಮಿಬ್ಬರ ನಡುವೆ ಜಾಗ ಮಾಡಿಕೊಂಡು ಕೂತರು. ಕೈ ಖಾಲಿಯಿತ್ತು, ಪೆಟ್ಟಿಗೆ ಇರಲಿಲ್ಲ. ಅದಿಲ್ಲದೆ ಅವರು ಮನೆಗೆ ಬಂದದ್ದನ್ನು ನಾನು ಎಂದೂ ನೋಡಿರಲಿಲ್ಲ.

"ಹೇಗಿತ್ತೇ?" ಎಂದರು ನನ್ನ ಕಡೆ ತಿರುಗದೆ. ದನಿಯಲ್ಲಿ ಸಣ್ಣ ಹುಡುಗಿಯ ಆಸೆಯಿತ್ತು.

ಸೆರಗಿನಿಂದ ಮುಖ ಒರೆಸಿಕೊಂಡು, ಆದಷ್ಟು ಬಿಗಿಯಾಗಿ ಹೇಳಿದೆ: "ಪರವಾಗಿಲ್ಲ. ಆ ಕೈ ಜಾರಿಸಿದ್ದು ಸ್ವಲ್ಪ ಜಾಸ್ತಿ ಆಯ್ತು. ನನಗೇನೂ ಅಳು ಬರಲಿಲ್ಲಪ್ಪ."

ಅತ್ತೆ ಕೆಮ್ಮಿದರು.